ಹೆಂಡತಿಯ ಐಪಿ ಪಿನ್ ಇಲ್ಲವೆಂದು ರಿಟರ್ನ್ ತಿರಸ್ಕೃತವಾಗಿದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ದಾವಣಗೆರೆಯವರು. ಕಳೆದ ಬೇಸಿಗೆಯಲ್ಲಿ ಟೆಕ್ಸಸ್‌ನ ಅರ್ವಿಂಗ್‌ನಿಂದ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ಗೆ ಮನೆ ಬದಲಾಯಿಸಿದೆವು. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಹೆಂಡತಿಯದು ಸಂಗಾತಿಗೆ ಕೊಡುವ ಎಚ್-4. ಕೆಲಸದ ಪರವಾನಗಿ ಬಂದಿದ್ದರಿಂದ ಆಕೆಗೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದೆ. ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. 2024ರ ಮಾರ್ಚ್‌ನಲ್ಲಿ, ನಾವಿನ್ನೂ ರಿಟರ್ನ್ ಸಲ್ಲಿಸುವ ಮೊದಲೇ, ‘ಈ ರಿಟರ್ನ್ ಸಲ್ಲಿಸಿದ್ದು ನೀವೇ ಹೌದೇ’ ಎಂದು ಕೇಳಿ ಹೆಂಡತಿಯ ಹೆಸರಿಗೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ ಪತ್ರ ಬಂತು. ನಮ್ಮದಲ್ಲ ಎಂದು ತಿಳಿಸಿ, ಆ ವರ್ಷ ಕಾಗದದ ರಿಟರ್ನ್ ಕಳುಹಿಸಿದೆವು. ಕಳೆದ ವರ್ಷ ಇ-ಫೈಲ್ ಮಾಡಿದಾಗ ಏನೂ ತೊಂದರೆಯಾಗಲಿಲ್ಲ. ಈ ಸಲ ಮಾತ್ರ ಹೆಂಡತಿಯ ಐಪಿ ಪಿನ್ ಹಾಕಿಲ್ಲವೆಂದು ರಿಟರ್ನ್ ತಿರಸ್ಕೃತವಾಗಿದೆ. ಐದಂಕಿಯ ಪಿನ್ ಹಾಕಿಯೇ ಇದ್ದೆವು. ಬೇರೆ ಪಿನ್ ಬೇಕೆಂದು ನಾವು ಯಾರನ್ನೂ ಕೇಳಿಲ್ಲ. ಐಪಿ ಪಿನ್ ಬಂದಿದೆಯೆಂದರೆ ಐಆರ್‌ಎಸ್‌ಗೆ ನಿಮ್ಮ ಮೇಲೆ ಅನುಮಾನವಿದೆ, ಗ್ರೀನ್ ಕಾರ್ಡಿಗೆ ತೊಡಕಾಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ. ನಮ್ಮ ರಿಟರ್ನ್ ತಯಾರಿಸುವವರು, ಅವರ ಕೆಲಸವೆಲ್ಲ ಭಾರತದ ಕಚೇರಿಯಲ್ಲಿ ನಡೆಯುತ್ತದೆ, ‘ಕಾಗದದಲ್ಲೇ ಕಳುಹಿಸಿಬಿಡೋಣ, ಇಲ್ಲವೇ ಪಿನ್ ಸಿಕ್ಕರೆ ವಾಟ್ಸ್‌ಆ್ಯಪ್ ಮಾಡಿ’ ಎನ್ನುತ್ತಿದ್ದಾರೆ. ಏನು ಮಾಡಬೇಕು? ಮಕ್ಕಳಿಗೂ ಈ ಪಿನ್ ತೆಗೆದುಕೊಳ್ಳಬೇಕೇ? ಮುಂದಿನ ವರ್ಷ ಬೆಂಗಳೂರಿಗೆ ಹಿಂದಿರುಗುವ ಯೋಚನೆಯಿದೆ. ಆಗ ಈ ಪಿನ್ನಿನ ಗತಿಯೇನು?

ಉತ್ತರ: ಮೊದಲು ಧೈರ್ಯವಾಗಿರಿ. ನೀವು ಬರೆದಿರುವ ಕ್ರಮವನ್ನು ನೋಡಿದರೆ ಇದು ಹೊಸ ಕಳ್ಳತನವಲ್ಲ, ಹಳೆಯದರ ಮುಕ್ತಾಯ. 2024ರಲ್ಲಿ ನಿಮ್ಮ ಮನೆಯವರ ಸಂಖ್ಯೆಯನ್ನು ಬಳಸಿ ಯಾರೋ ರಿಟರ್ನ್ ಸಲ್ಲಿಸಲು ನೋಡಿದರು, ಅದು ನಮ್ಮದಲ್ಲ ಎಂದು ನೀವು ಹೇಳಿದಿರಿ. ಐಆರ್‌ಎಸ್ ಆ ಕಡತವನ್ನು ಪರಿಶೀಲಿಸಿ, ಆಕೆ ಗುರುತಿನ ಕಳ್ಳತನಕ್ಕೆ ಒಳಗಾದವರು ಹೌದೆಂದು ಖಚಿತಪಡಿಸಿಕೊಂಡ ಮೇಲೆ ತಾನಾಗಿಯೇ ಆಕೆಗೆ ಆರಂಕಿಯ ಸಂಖ್ಯೆಯೊಂದನ್ನು ಕೊಟ್ಟಿದೆ. ಅದೇ ಐಡೆಂಟಿಟಿ ಪ್ರೊಟೆಕ್ಷನ್ ಪಿನ್, ಅಂದರೆ ಐಪಿ ಪಿನ್; ರಿಟರ್ನ್ ಸಲ್ಲಿಸುತ್ತಿರುವುದು ನೀವೇ ಎಂದು ತೋರಿಸುವ ಸಂಖ್ಯೆ. ಇಂಥ ಕಡತಗಳು ಬೇಗ ಮುಗಿಯುವುದಿಲ್ಲ. ತೆರಿಗೆದಾರರ ಪರವಾಗಿ ಐಆರ್‌ಎಸ್ ಒಳಗೇ ಕೆಲಸ ಮಾಡುವ ನ್ಯಾಷನಲ್ ಟ್ಯಾಕ್ಸ್‌ಪೇಯರ್ ಅಡ್ವೊಕೇಟ್ 2024ರಲ್ಲಿ ಹೇಳಿದ ಪ್ರಕಾರ, ಒಂದು ಪ್ರಕರಣ ಇತ್ಯರ್ಥವಾಗಲು ಸರಾಸರಿ ಸುಮಾರು 22 ತಿಂಗಳು ಹಿಡಿಯುತ್ತಿತ್ತು. ಕಳೆದ ವರ್ಷ ಪಿನ್ ಇಲ್ಲದೆಯೇ ನಿಮ್ಮ ರಿಟರ್ನ್ ಸ್ವೀಕೃತವಾಗಿ, ಈ ವರ್ಷ ತಿರಸ್ಕೃತವಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪಿನ್ ಕೊಟ್ಟವರು ತಿಳಿಸಲಿಲ್ಲವೇಕೆ? ತಿಳಿಸಿರುತ್ತಾರೆ. ಸಿಪಿ01ಎ ಎಂಬ ಪತ್ರದಲ್ಲಿ ಈ ಸಂಖ್ಯೆಯನ್ನು ಅಚ್ಚು ಹಾಕಿ ಡಿಸೆಂಬರ್-ಜನವರಿಯ ಹೊತ್ತಿಗೆ ಅಂಚೆಯಲ್ಲಿ ಕಳುಹಿಸುತ್ತಾರೆ. ಐಆರ್‌ಎಸ್ ಕಡತದಲ್ಲಿ ನಿಮ್ಮ ವಿಳಾಸ ಯಾವುದಿದೆಯೋ ಅಲ್ಲಿಗೆ ಹೋಗುತ್ತದೆ. ನೀವು ಕಳೆದ ರಿಟರ್ನ್ ಸಲ್ಲಿಸಿದ್ದು ಅರ್ವಿಂಗ್ ವಿಳಾಸದಿಂದ, ಮನೆ ಬದಲಾಯಿಸಿದ್ದು ಅದಾದ ಮೇಲೆ. ಅಂಚೆ ಇಲಾಖೆಗೆ ಹೊಸ ವಿಳಾಸ ಕೊಟ್ಟರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಸಾಲದು. ಐಆರ್‌ಎಸ್‌ಗೆ ಫಾರ್ಮ್ 8822ರಲ್ಲಿ ಬೇರೆಯಾಗಿಯೇ ತಿಳಿಸಬೇಕು. ನನ್ನ ಬಳಿಗೆ ಈ ದೂರು ಹಿಡಿದು ಬರುವವರಲ್ಲಿ ಹೆಚ್ಚಿನವರು ಈಚೆಗೆ ಮನೆ ಬದಲಾಯಿಸಿದವರೇ.

ಇನ್ನು ನೀವು ಹಾಕಿದ ಐದಂಕಿಯ ಪಿನ್. ಈ ಗೊಂದಲಕ್ಕೆ ನಿಮ್ಮನ್ನು ದೂರುವಂತಿಲ್ಲ. ಇ-ಫೈಲ್ ಮಾಡುವಾಗ ಪಿನ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಎದುರಾಗುತ್ತವೆ. ಐದಂಕಿಯದು ನಿಮ್ಮ ಸಹಿ, ಅದನ್ನು ನೀವೇ ಆರಿಸಿಕೊಳ್ಳುತ್ತೀರಿ. ತಯಾರಿಸುವವರ ಮೂಲಕ ಸಲ್ಲಿಸಿದರೆ ಇ-ಫೈಲ್‌ಗೆ ಒಪ್ಪಿಗೆ ಕೊಡುವ ಫಾರ್ಮ್ 8879ರಲ್ಲಿ ಬರೆಯುವುದೂ ಇದೇ ಐದಂಕಿಯದು. ಆರಂಕಿಯದು ಐಆರ್‌ಎಸ್ ಕೊಟ್ಟದ್ದು. ಅದು ಅವರಿಗೆ ಮತ್ತು ನಿಮಗೆ ಮಾತ್ರ ತಿಳಿದಿರಬೇಕು. ರಿಟರ್ನ್‌ನ ಮುಖ್ಯ ನಮೂನೆಯಾದ ಫಾರ್ಮ್ 1040ರ ಎರಡನೆಯ ಪುಟದ ಕೆಳಭಾಗವನ್ನು ನೋಡಿ. ಸಹಿ, ದಿನಾಂಕ, ಉದ್ಯೋಗ ಬರೆಯುವ ಸಾಲಿನ ಬಲತುದಿಯಲ್ಲಿ ಆರು ಪುಟ್ಟ ಮನೆಗಳ ಪಟ್ಟಿಯೊಂದಿದೆ. ಐಆರ್‌ಎಸ್ ಪಿನ್ ಕಳುಹಿಸಿದ್ದರೆ ಇಲ್ಲಿ ಬರೆಯಿರಿ ಎಂದು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದೆ. ನಿಮ್ಮ ಸಾಲಿಗೊಂದು, ಅದರ ಕೆಳಗೆ ಸಂಗಾತಿಯ ಸಾಲಿಗೊಂದು. ಸಾಫ್ಟ್‌ವೇರಿನಲ್ಲಿ ಈ ಮನೆಗಳು ಸಹಿಯ ಪುಟದಲ್ಲಿ ಕಾಣಿಸದೆ ಬೇರೆಲ್ಲೋ ಇರುವುದುಂಟು. ಹುಡುಕಿ ತೆಗೆಯಬೇಕು. ಹೆಂಡತಿಯ ಸಂಖ್ಯೆಯನ್ನು ಗಂಡನ ಸಾಲಿನ ಮನೆಗಳಲ್ಲಿ ತುಂಬಿ ಮತ್ತೊಮ್ಮೆ ತಿರಸ್ಕೃತವಾದ ರಿಟರ್ನ್‌ಗಳನ್ನೂ ನೋಡಿದ್ದೇನೆ, ಹಿಂದಿನ ವರ್ಷದ ಸಂಖ್ಯೆ ಹಾಕಿ ಕುಳಿತವರನ್ನೂ ನೋಡಿದ್ದೇನೆ. ಪ್ರತಿ ಜನವರಿಯಲ್ಲೂ ಇದು ಬದಲಾಗುತ್ತದೆ. ಹಳೆಯದು ಕೆಲಸಕ್ಕೆ ಬಾರದು. ಆದರೆ ಹಳೆಯ ವರ್ಷದ ರಿಟರ್ನನ್ನೋ ತಿದ್ದುಪಡಿಯ ರಿಟರ್ನನ್ನೋ ಈ ವರ್ಷ ಸಲ್ಲಿಸುವುದಾದರೆ ಅದಕ್ಕೂ ಈ ವರ್ಷದ ಪಿನ್ನನ್ನೇ ಹಾಕಬೇಕು.

ಭಾರತದಲ್ಲಿ ರಿಟರ್ನ್ ಸಲ್ಲಿಸಿ ಅಭ್ಯಾಸವಿರುವವರಿಗೆ ಇನ್ನೊಂದು ನಿರೀಕ್ಷೆ ಇರುತ್ತದೆ. ಅಲ್ಲಿ ಮೊದಲು ರಿಟರ್ನ್ ಸಲ್ಲಿಸಿ, ಆಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ರೀತಿಯಲ್ಲೋ ದೃಢೀಕರಿಸುತ್ತೇವೆ. ಹಾಗಾಗಿ ಇಲ್ಲಿಯೂ ಮೊಬೈಲಿಗೆ ಏನಾದರೂ ಬರುತ್ತದೆಂದು ಕಾಯುತ್ತಾರೆ. ಐಪಿ ಪಿನ್ ಹಾಗೆ ಬರುವುದಿಲ್ಲ. ರಿಟರ್ನ್ ಕಳುಹಿಸುವ ಮೊದಲೇ ಅದು ನಿಮ್ಮ ಕೈಯಲ್ಲಿರಬೇಕು. ಮೊಬೈಲಿಗೆ ‘ನಿಮ್ಮ ಐಪಿ ಪಿನ್ ಇಲ್ಲಿ ಪಡೆಯಿರಿ’ ಎಂದು ಕೊಂಡಿ ಬಂದರೆ ಅದು ಮೋಸ. ಐಆರ್‌ಎಸ್ ಕರೆ ಮಾಡಿಯಾಗಲಿ, ಇ-ಮೇಲ್ ಅಥವಾ ಸಂದೇಶದಲ್ಲಾಗಲಿ ಈ ಸಂಖ್ಯೆಯನ್ನು ಎಂದೂ ಕೇಳುವುದಿಲ್ಲ.

ಈಗ ಸ್ನೇಹಿತರು ಹಾಕಿದ ಹೆದರಿಕೆಯ ವಿಷಯ. ಐಪಿ ಪಿನ್ ಅನುಮಾನದ ಗುರುತಲ್ಲ. 2011ರ ಸುಮಾರಿಗೆ ಇದು ಗುರುತಿನ ಕಳ್ಳತನಕ್ಕೆ ಒಳಗಾದವರಿಗೆಂದು ಆರಂಭವಾಯಿತು. ಆಮೇಲೆ ಇಂಥ ಕಳ್ಳತನ ಹೆಚ್ಚಾಗಿದ್ದ ಫ್ಲೋರಿಡಾ, ಜಾರ್ಜಿಯಾ, ರಾಜಧಾನಿ ವಾಷಿಂಗ್ಟನ್ ಪ್ರದೇಶಗಳಲ್ಲಿ ಬೇಕೆಂದವರಿಗೂ ಕೊಟ್ಟರು. 2021ರ ಜನವರಿಯಿಂದ ದೇಶದ ಯಾವುದೇ ತೆರಿಗೆದಾರ ತನ್ನ ಗುರುತನ್ನು ರುಜುವಾತುಪಡಿಸಿ ಪಡೆಯಬಹುದು. ನನ್ನ ಕಕ್ಷಿದಾರರಲ್ಲಿ ಏನೂ ತೊಂದರೆಯಾಗದೆ, ಮುಂಜಾಗ್ರತೆಗೆಂದೇ ತೆಗೆದುಕೊಂಡವರು ಇದ್ದಾರೆ. ಇದಕ್ಕೂ ವಲಸೆ ಇಲಾಖೆಗೂ ಸಂಬಂಧವಿಲ್ಲ. ಯೋಚಿಸಿ ನೋಡಿದರೆ ಪರಿಸ್ಥಿತಿ ಅವರು ಹೇಳಿದ್ದಕ್ಕೆ ತಿರುಗುಮುರುಗಾಗಿದೆ. ಮುಂದೆ ಯಾವುದಾದರೂ ಅರ್ಜಿಗೆ ನಿಮ್ಮ ತೆರಿಗೆ ದಾಖಲೆಗಳ ಪ್ರತಿ ಕೊಡಬೇಕಾದಾಗ, ಅದರಲ್ಲಿ ಯಾರೋ ಹುಟ್ಟಿಸಿದ ಸಂಬಳ, ಯಾರೋ ಪಡೆದ ರೀಫಂಡ್ ನಿಮ್ಮ ಹೆಸರಿನಲ್ಲಿ ಕುಳಿತಿದ್ದರೆ ವಿವರಣೆ ಕೊಡುತ್ತ ಅಲೆಯಬೇಕಾದವರು ನೀವು. ಪಿನ್ ಇದ್ದರೆ ಆ ಸುಳ್ಳು ರಿಟರ್ನ್ ಇ-ಫೈಲ್ ಬಾಗಿಲಲ್ಲೇ ನಿಂತುಬಿಡುತ್ತದೆ.

ಕಳ್ಳರು ಇಷ್ಟು ಸುಲಭವಾಗಿ ಒಳಗೆ ಬರುವುದಾದರೂ ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೊಸದಾಗಿ ಅಮೆರಿಕಕ್ಕೆ ಬಂದ ನಮ್ಮವರಿಗೆ ಇದು ಹೆಚ್ಚು ತಟ್ಟುತ್ತದೆ. ಹೆಸರು, ಹುಟ್ಟಿದ ದಿನಾಂಕ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಈ ಮೂರೂ ಸಾಮಾನ್ಯವಾಗಿ ಬದಲಾಗದವು. ಒಮ್ಮೆ ಹೊರಬಿದ್ದರೆ ಮತ್ತೆ ಗುಟ್ಟಾಗುವುದಿಲ್ಲ. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್ ಸಂಸ್ಥೆಯಿಂದ ಸುಮಾರು 14.7 ಕೋಟಿ ಜನರ ವಿವರಗಳು ಸೋರಿಹೋದವು. ಇ-ಫೈಲ್ ಮಾಡುವಾಗ ಇವುಗಳ ಜೊತೆಗೆ ಕೇಳುವ ರಹಸ್ಯವೆಂದರೆ ಹಿಂದಿನ ವರ್ಷದ ರಿಟರ್ನ್‌ನಲ್ಲಿರುವ ಹೊಂದಾಣಿಕೆಯ ಒಟ್ಟು ವರಮಾನ, ಇಲ್ಲವೇ ಹಿಂದಿನ ವರ್ಷ ಸಹಿಗೆ ಬಳಸಿದ ಪಿನ್. ಆದರೆ ಹಿಂದಿನ ವರ್ಷ ರಿಟರ್ನ್ ಸಲ್ಲಿಸದೇ ಇದ್ದವರು ಅಲ್ಲಿ ಸೊನ್ನೆ ಹಾಕಬೇಕೆಂಬುದು ನಿಯಮ. ಅಂದರೆ ಹೊಸದಾಗಿ ಸಂಖ್ಯೆ ಪಡೆದವರ ವಿಷಯದಲ್ಲಿ ಆ ರಹಸ್ಯವೇ ಇಲ್ಲ, ಸೊನ್ನೆ ಎಂಬುದು ಎಲ್ಲರಿಗೂ ಗೊತ್ತು. ಮೊದಲ ಸಂಬಳದ ಖುಷಿಯಲ್ಲಿರುವ ಹುಡುಗ ಹುಡುಗಿಯರು, ಕೆಲಸದ ಪರವಾನಗಿ ಬಂದು ಮೊದಲ ಬಾರಿಗೆ ಸಂಖ್ಯೆ ಪಡೆದ ಎಚ್-4 ಸಂಗಾತಿಗಳು, ಓದು ಮುಗಿಸಿ ಕೆಲಸಕ್ಕೆ ಸೇರಿದ ವಿದ್ಯಾರ್ಥಿಗಳು, ಇವರೆಲ್ಲ ಈ ಸಂದಿಯಲ್ಲೇ ಇರುವವರು.

ಇದರ ಜೊತೆಗೆ ಓಟದ ಪ್ರಶ್ನೆಯೂ ಇದೆ. ಇ-ಫೈಲ್‌ನಲ್ಲಿ ಒಂದು ಸಂಖ್ಯೆಗೆ ಒಂದು ವರ್ಷಕ್ಕೆ ಮೊದಲು ಬಂದ ರಿಟರ್ನ್ ಸ್ವೀಕೃತವಾಗುತ್ತದೆ, ಎರಡನೆಯದು ತಿರಸ್ಕೃತವಾಗುತ್ತದೆ. ಜನವರಿ ಕೊನೆಯಲ್ಲಿ ಬಾಗಿಲು ತೆರೆಯುತ್ತಿದ್ದಂತೆ ಕಳ್ಳ ಸಲ್ಲಿಸುತ್ತಾನೆ. ಸಂಬಳದ ವಿವರವಿರುವ ಡಬ್ಲ್ಯು-2 ಬಂದು, ಬ್ಯಾಂಕಿನ ಕಾಗದ ಬಂದು, ಭಾರತದ ಬಡ್ಡಿಯ ಲೆಕ್ಕ ಸೇರಿಸಿ ನೀವು ಮಾರ್ಚ್‌ನಲ್ಲಿ ಸಲ್ಲಿಸುವಾಗ ನಿಮ್ಮದೇ ಎರಡನೆಯದಾಗಿರುತ್ತದೆ. ಆಮೇಲೆ ಕಾಗದದ ರಿಟರ್ನ್, ಗುರುತಿನ ಕಳ್ಳತನವಾಗಿದೆಯೆಂದು ಹೇಳುವ ಫಾರ್ಮ್ 14039ರ ಪ್ರಮಾಣಪತ್ರ, ತಿಂಗಳುಗಟ್ಟಲೆ ಕಾಯುವಿಕೆ. ನಿಮಗೆ ಆ ದಾರಿಯ ಪರಿಚಯವಿದೆ. ಐಪಿ ಪಿನ್ ಈ ಓಟವನ್ನೇ ರದ್ದು ಮಾಡುತ್ತದೆ: ಬೀರುವಿನ ಬೀಗದ ಕೈ ಊರೆಲ್ಲ ಹಂಚಿಹೋಗಿದ್ದರೂ ಒಳಖಾನೆಗೆ ಬೇರೆಯದೇ ಬೀಗ ಹಾಕಿ, ಅದನ್ನು ವರ್ಷಕ್ಕೊಮ್ಮೆ ಬದಲಾಯಿಸಿದ ಹಾಗೆ. ಅಲ್ಲದೆ ಐಪಿ ಪಿನ್ ಹಾಕಿದರೆ ಹಿಂದಿನ ವರ್ಷದ ವರಮಾನದ ಅಂಕಿ ಹುಡುಕುವ ಕೆಲಸವೂ ತಪ್ಪುತ್ತದೆ, ಗುರುತಿಗೆ ಅದೇ ಸಾಕಾಗುತ್ತದೆ.

ಇಷ್ಟು ಹೇಳಿ, ಅದು ಏನನ್ನು ಕಾಯುವುದಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರದ ವರಮಾನ ತೆರಿಗೆ ರಿಟರ್ನ್ ಬಿಟ್ಟು ಬೇರೆಲ್ಲೂ ಇದಕ್ಕೆ ಬೆಲೆಯಿಲ್ಲ. ನಿಮ್ಮ ನಾರ್ತ್ ಕ್ಯಾರೊಲಿನಾ ರಾಜ್ಯದ ರಿಟರ್ನ್‌ನಲ್ಲಿ ಹಾಕುವಂತಿಲ್ಲ. ಯಾರಾದರೂ ನಿಮ್ಮ ಮನೆಯವರ ಹೆಸರಿನಲ್ಲಿ ಸಾಲ ಎತ್ತಿದರೆ, ಕಾರ್ಡ್ ತೆಗೆದರೆ ಪಿನ್ ತಡೆಯುವುದಿಲ್ಲ. ಅದಕ್ಕೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಕ್ರೆಡಿಟ್ ಫ್ರೀಜ್, ಅಂದರೆ ಹೊಸ ಸಾಲ ಹುಟ್ಟದಂತೆ ಸಾಲದ ದಾಖಲೆಗೆ ಬೀಗ, ಮಾಡಿಸಬೇಕು. 2018ರಿಂದ ಅದು ಉಚಿತ. ಒಮ್ಮೆ ಸಂಖ್ಯೆ ಕಳ್ಳರ ಕೈಗೆ ಹೋಗಿದೆಯೆಂದು ಗೊತ್ತಿರುವ ನಿಮ್ಮ ಮನೆಯಲ್ಲಿ ಇದನ್ನು ಇನ್ನೂ ಮಾಡಿಸಿರದಿದ್ದರೆ ತಡಮಾಡಬೇಡಿ.

ಈಗ ಮಾಡಬೇಕಾದ ಕೆಲಸ. ನಿಮ್ಮ ಮನೆಯವರು ಐಆರ್‌ಎಸ್ ಜಾಲತಾಣದಲ್ಲಿ ಅವರ ಹೆಸರಿನಲ್ಲೇ ಆನ್‌ಲೈನ್ ಖಾತೆ ತೆರೆಯಬೇಕು. ಗುರುತಿನ ಪರಿಶೀಲನೆ ಐಡಿ.ಮೀ ಎಂಬ ಸಂಸ್ಥೆಯ ಮೂಲಕ ನಡೆಯುತ್ತದೆ. ಅವರ ಮೊಬೈಲ್, ಅವರ ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್, ಅವರ ಮುಖದ ಫೋಟೊ. ‘ಅವರ’ ಎಂದು ಮತ್ತೆ ಮತ್ತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ತೆರಿಗೆಯ ಕೆಲಸವೆಂದರೆ ಗಂಡನ ಇ-ಮೇಲ್, ಗಂಡನ ಮೊಬೈಲ್, ಗಂಡನ ಪಾಸ್‌ವರ್ಡ್. ಹೆಂಡತಿಯ ಖಾತೆಯನ್ನೂ ಅದೇ ಮೊಬೈಲಿನಲ್ಲಿ ತೆರೆಯಲು ಹೋಗಿ ಪರಿಶೀಲನೆ ಅರ್ಧಕ್ಕೇ ನಿಂತು, ಐಆರ್‌ಎಸ್‌ನ ಮೇಲೆ ಸಿಟ್ಟಾಗಿ ಬರುವವರು ಬಹಳ. ಗಂಡನ ಖಾತೆಯಲ್ಲಿ ಹೆಂಡತಿಯ ಪಿನ್ ಕಾಣಿಸುವುದಿಲ್ಲ. ಜಂಟಿ ರಿಟರ್ನ್ ಆದರೂ ಪಿನ್ ಒಬ್ಬೊಬ್ಬರದು ಪ್ರತ್ಯೇಕ. ಆಕೆಯೇ ಕುಳಿತು ತೆರೆಯಲಿ, ಪಾಸ್‌ವರ್ಡ್ ಆಕೆಯ ಬಳಿಯೇ ಇರಲಿ.

ಪರಿಶೀಲನೆ ಕೈಕೊಡುವ ಇನ್ನೊಂದು ಜಾಗವೆಂದರೆ ಹೆಸರು. ನಮ್ಮ ಕಡೆಯ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಮನೆತನದ ಹೆಸರಿನ ಸಾಲು ಖಾಲಿಯಿರುತ್ತದೆ, ಅಥವಾ ತಂದೆಯ ಹೆಸರೇ ಅಲ್ಲಿರುತ್ತದೆ. ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ಎಫ್‌ಎನ್‌ಯು (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಬಂದು ಕೂರುತ್ತದೆ. ಮದುವೆಯಾದ ಮೇಲೆ ಒಂದು ದಾಖಲೆಯಲ್ಲಿ ಗಂಡನ ಹೆಸರು ಸೇರಿ, ಇನ್ನೊಂದರಲ್ಲಿ ಸೇರದೆ ಉಳಿದಿರುತ್ತದೆ. ಐಆರ್‌ಎಸ್ ಹೆಸರನ್ನು ತಾಳೆ ನೋಡುವುದು ಸೋಷಿಯಲ್ ಸೆಕ್ಯುರಿಟಿ ಕಚೇರಿಯ ದಾಖಲೆಯೊಂದಿಗೆ, ಅದರಲ್ಲೂ ಕೊನೆಯ ಹೆಸರಿನ ಮೊದಲ ನಾಲ್ಕು ಅಕ್ಷರಗಳೊಂದಿಗೆ. ಆದ್ದರಿಂದ ಮೊದಲು ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಹೇಗಿದೆಯೋ ಹಾಗೆಯೇ ತುಂಬಿ. ಫೋಟೊದ ದಾರಿಯಲ್ಲಿ ಆಗದಿದ್ದರೆ ವಿಡಿಯೊ ಕರೆಯಲ್ಲಿ ಸಿಬ್ಬಂದಿಯೊಬ್ಬರಿಗೆ ಕಾಗದಪತ್ರ ತೋರಿಸುವ ಅವಕಾಶವಿದೆ. ಸ್ವಲ್ಪ ಕಾಯಬೇಕಾಗಬಹುದು, ಆದರೆ ನಮ್ಮ ಹೆಸರುಗಳ ತೊಡಕಿಗೆ ಮನುಷ್ಯರ ಕಣ್ಣೇ ವಾಸಿ. ಇಷ್ಟೆಲ್ಲ ಬಿಗಿ ಏಕೆಂದರೆ ಹಿಂದೆ ಸಡಿಲವಿತ್ತು. ಹಳೆಯ ವಿಳಾಸ, ಹಳೆಯ ಸಾಲದ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸಿದರೆ ಪಿನ್ ಸಿಗುತ್ತಿದ್ದ ಕಾಲದಲ್ಲಿ ಕಳ್ಳರೂ ಅವಕ್ಕೆ ಉತ್ತರ ಹೇಳಿ ಒಳಹೊಕ್ಕರು. 2016ರ ಮಾರ್ಚ್‌ನಲ್ಲಿ ಐಆರ್‌ಎಸ್ ಆನ್‌ಲೈನ್‌ನಲ್ಲಿ ಪಿನ್ ಮರಳಿ ಕೊಡುವುದನ್ನೇ ನಿಲ್ಲಿಸಬೇಕಾಯಿತು.

ಖಾತೆ ತೆರೆದುಕೊಂಡರೆ ಪಿನ್ ಅಲ್ಲೇ ಕಾಣುತ್ತದೆ. ಅದನ್ನು ಸಂಗಾತಿಯ ಸಾಲಿನ ಆರು ಮನೆಗಳಲ್ಲಿ ತುಂಬಿ ಮತ್ತೆ ಇ-ಫೈಲ್ ಮಾಡಿ. ಏಪ್ರಿಲ್ 15ರ ಒಳಗೆ ಯಾವಾಗ ಮಾಡಿದರೂ ತೊಂದರೆಯಿಲ್ಲ. ಕೊನೆಯ ದಿನಕ್ಕೆ ಹತ್ತಿರದಲ್ಲಿ ಸಲ್ಲಿಸಿ ತಿರಸ್ಕೃತವಾದರೆ, ತಿರಸ್ಕೃತವಾದ ದಿನದಿಂದ ಐದು ದಿನದೊಳಗೆ ಸರಿಪಡಿಸಿ ಕಳುಹಿಸಿದ್ದನ್ನು ಸಕಾಲಕ್ಕೆ ಸಲ್ಲಿಸಿದ್ದೆಂದೇ ಪರಿಗಣಿಸುತ್ತಾರೆ. ಕಾಗದಕ್ಕೆ ಬದಲಾಯಿಸುವುದಾದರೆ ಹತ್ತು ದಿನ. ಈ ಕಾಲಾವಕಾಶವನ್ನು ನಂಬಿ ಕಾಯುತ್ತ ಕೂರಬೇಡಿ, ಭಯಪಡಲೂ ಬೇಡಿ.

ಆನ್‌ಲೈನ್ ದಾರಿ ಸಂಪೂರ್ಣ ಮುಚ್ಚಿಹೋದರೆ ಐಆರ್‌ಎಸ್‌ನ ಗುರುತಿನ ರಕ್ಷಣೆಯ ವಿಭಾಗಕ್ಕೆ, 800-908-4490ಕ್ಕೆ, ಮನೆಯವರೇ ಕರೆ ಮಾಡಿ ಪಿನ್ ಮರಳಿ ಕಳುಹಿಸುವಂತೆ ಕೇಳಬಹುದು. ಸುಮಾರು 21 ದಿನದೊಳಗೆ ಅಂಚೆಯಲ್ಲಿ ಬರುತ್ತದೆ. ಆದರೆ ಅದು ಹೋಗುವುದು ಮತ್ತೆ ಕಡತದಲ್ಲಿರುವ ವಿಳಾಸಕ್ಕೆ. ನಿಮ್ಮ ವಿಷಯದಲ್ಲಿ ಅದು ಅರ್ವಿಂಗ್ ಆಗಿರುವ ಸಾಧ್ಯತೆಯೇ ಹೆಚ್ಚು, ಹಾಗಾಗಿ ಕರೆಯಲ್ಲಿ ಮೊದಲು ವಿಳಾಸದ ಮಾತೆತ್ತಿ. ಐಆರ್‌ಎಸ್‌ನ ತೆರಿಗೆದಾರರ ನೆರವು ಕೇಂದ್ರಕ್ಕೆ ಮೊದಲೇ ಸಮಯ ಗೊತ್ತುಮಾಡಿಕೊಂಡು, ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಮತ್ತು ಇನ್ನೊಂದು ದಾಖಲೆ ಹಿಡಿದು ಹೋಗುವ ದಾರಿಯೂ ಇದೆ. ಅಲ್ಲಿಂದಲೂ ಪಿನ್ ಕೈಗೆ ಸಿಗುವುದಿಲ್ಲ, ಅಂಚೆಯಲ್ಲೇ ಬರಬೇಕು. ಇವು ಯಾವುವೂ ಏಪ್ರಿಲ್ 15ಕ್ಕೆ ಮುಟ್ಟುವುದಿಲ್ಲವೆನ್ನಿಸಿದರೆ ಫಾರ್ಮ್ 4868 ಸಲ್ಲಿಸಿ ಅಕ್ಟೋಬರ್ 15ರವರೆಗೆ ಗಡುವು ಪಡೆಯಿರಿ. ಗಡುವು ರಿಟರ್ನ್‌ಗೆ ಮಾತ್ರ. ಕಟ್ಟಬೇಕಾದ ತೆರಿಗೆಯಿದ್ದರೆ ಏಪ್ರಿಲ್‌ನಲ್ಲೇ ಕಟ್ಟಿಬಿಡಿ.

ಕಾಗದದ ರಿಟರ್ನನ್ನು ನಾನು ಕೊನೆಗಿಡುತ್ತೇನೆ. ಪಿನ್ ಇಲ್ಲದ ಕಾಗದದ ರಿಟರ್ನನ್ನು ಐಆರ್‌ಎಸ್ ತಿರಸ್ಕರಿಸುವುದಿಲ್ಲ ಎಂಬುದು ನಿಜ, ನಿಮ್ಮ ತಯಾರಕರು ಅದನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಅದು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುವವರೆಗೆ ರೀಫಂಡ್ ನಿಲ್ಲುತ್ತದೆ. ಇ-ಫೈಲ್‌ನ ರೀಫಂಡ್ ಸಾಮಾನ್ಯವಾಗಿ ಮೂರು ವಾರದೊಳಗೆ ಬರುವಾಗ ಇದಕ್ಕೆ ತಿಂಗಳುಗಳು ಹಿಡಿಯಬಹುದು. 2024ರಲ್ಲಿ ನಿಮಗೆ ಬೇರೆ ದಾರಿಯಿರಲಿಲ್ಲ. ಈ ವರ್ಷ ಇದೆ.

ವಾಟ್ಸ್‌ಆ್ಯಪ್‌ನಲ್ಲಿ ಪಿನ್ ಕಳುಹಿಸುವ ಮಾತಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ನಿಮ್ಮ ತಯಾರಕರು ಕೆಟ್ಟವರೆಂದಲ್ಲ. ಭಾರತದಲ್ಲಿ ಕುಳಿತು ಅಮೆರಿಕದ ರಿಟರ್ನ್ ತಯಾರಿಸುವ ಪ್ರಾಮಾಣಿಕರು ಬೇಕಾದಷ್ಟಿದ್ದಾರೆ. ಆದರೆ ಡಬ್ಲ್ಯು-2, ಪಾಸ್‌ಪೋರ್ಟ್, ಮಕ್ಕಳ ಸೋಷಿಯಲ್ ಸೆಕ್ಯುರಿಟಿ ಕಾರ್ಡು ಎಲ್ಲವೂ ಯಾರದೋ ಮೊಬೈಲಿನ ಗ್ಯಾಲರಿಯಲ್ಲಿ ಬಿದ್ದಿರುವಾಗ ಪಿನ್ನನ್ನೂ ಅಲ್ಲಿಗೇ ಸೇರಿಸಿದರೆ ಉಳಿದಿದ್ದ ಒಂದು ಗುಟ್ಟೂ ಹೋದಂತೆ. ನಿಮ್ಮ ತೆರಿಗೆಯ ವಿವರಗಳನ್ನು ಹೊರದೇಶದ ತಯಾರಕರಿಗೆ ದಾಟಿಸಲು ಅಮೆರಿಕದ ಸಂಸ್ಥೆ ನಿಮ್ಮಿಂದ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಇಲ್ಲಿಯ ಕಾನೂನು ಹೇಳುತ್ತದೆ. ಆ ಒಪ್ಪಿಗೆಗೆ ನೀವು ಸಹಿ ಮಾಡಿದ್ದೀರಾ, ನೆನಪಿಸಿಕೊಳ್ಳಿ. ಹಣ ಪಡೆದು ರಿಟರ್ನ್ ತಯಾರಿಸುವವರಿಗೆ ಐಆರ್‌ಎಸ್ ಕೊಟ್ಟ ಪಿಟಿಐಎನ್ ಎಂಬ ತಯಾರಕರ ಗುರುತಿನ ಸಂಖ್ಯೆ ಇರಬೇಕು, ರಿಟರ್ನ್‌ನಲ್ಲಿ ಅವರ ಸಹಿ ಇರಬೇಕು. ಇವೆರಡೂ ಇಲ್ಲದಿದ್ದರೆ ತಯಾರಕರನ್ನು ಬದಲಾಯಿಸಿ. ಇದ್ದರೆ, ರಿಟರ್ನ್ ಪೂರ್ತಿ ಸಿದ್ಧವಾಗಿ, ನೀವು ಪ್ರತಿ ಪುಟ ಓದಿ, ಫಾರ್ಮ್ 8879ಕ್ಕೆ ಸಹಿ ಹಾಕುವ ಹಂತದಲ್ಲಿ ಮಾತ್ರ ಅವರ ಸುರಕ್ಷಿತ ಜಾಲತಾಣದ ಮೂಲಕ ಪಿನ್ ಕೊಡಿ. ಓದುವಾಗ ರೀಫಂಡ್ ಯಾವ ಬ್ಯಾಂಕ್ ಖಾತೆಗೆ ಹೋಗುತ್ತಿದೆಯೆಂದು ಅಂಕಿ ಅಂಕಿಯನ್ನೂ ನೋಡಿ.

ಇನ್ನು ನೀವು. ನಿಮ್ಮ ಹೆಸರಿಗೆ ಪಿನ್ ಇಲ್ಲ. ತೆಗೆದುಕೊಳ್ಳಿ ಎಂದೇ ನನ್ನ ಸಲಹೆ. ಸಾಮಾನ್ಯವಾಗಿ ಜನವರಿ ನಡುವಿನಿಂದ ನವೆಂಬರ್ ನಡುವಿನವರೆಗೆ ಆನ್‌ಲೈನ್ ಖಾತೆಯಲ್ಲೇ ಸಿಗುತ್ತದೆ. ಒಂದು ವರ್ಷಕ್ಕೆ ಮಾತ್ರ ಸೇರುವ, ಪ್ರತಿ ವರ್ಷಕ್ಕೂ ಸೇರುವ ಎರಡು ಆಯ್ಕೆಗಳಿವೆ. ಪ್ರತಿ ವರ್ಷದ್ದನ್ನು ಆರಿಸಿದರೆ ಜನವರಿಯಲ್ಲಿ ಖಾತೆಗೆ ಹೋಗಿ ಹೊಸ ಸಂಖ್ಯೆ ನೋಡಿಕೊಳ್ಳುವ ಹೊಣೆ ನಿಮ್ಮದಾಗುತ್ತದೆ. ಮರೆತರೆ ಈಗ ಆದಂತೆಯೇ ರಿಟರ್ನ್ ಹಿಂದಿರುಗುತ್ತದೆ. ಆ ಮರೆವಿನ ತೊಂದರೆ ಒಂದು ಸಂಜೆಯದು, ಪಿನ್ ಇಲ್ಲದಿದ್ದರೆ ಆಗಬಹುದಾದದ್ದು ಎರಡು ವರ್ಷದ್ದು.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ಅಷ್ಟು ಸುಲಭವಾಗಿ ಹೌದೆನ್ನುವುದಿಲ್ಲ. ಅವರಿಗೂ ಪಿನ್ ಪಡೆಯಲು ಸಾಧ್ಯವಿದೆ. ಆದರೆ ಅವರು ಆನ್‌ಲೈನ್ ಖಾತೆ ತೆರೆಯುವಂತಿಲ್ಲ. ತಂದೆ ತಾಯಿ ಫಾರ್ಮ್ 15227 ಕಳುಹಿಸಬೇಕು, ಇಲ್ಲವೇ ಕಾಗದಪತ್ರ ಹಿಡಿದು ನೆರವು ಕೇಂದ್ರಕ್ಕೆ ಹೋಗಬೇಕು. ಆ ಫಾರ್ಮಿಗೆ ವರಮಾನದ ಮಿತಿಯಿದೆ: ಈಚಿನ ವರ್ಷಗಳಲ್ಲಿ ಒಬ್ಬರಿಗೆ 84,000 ಡಾಲರ್, ಜಂಟಿ ರಿಟರ್ನ್‌ಗೆ 1,68,000 ಡಾಲರ್‌ಗಿಂತ ಕಡಿಮೆಯಿರಬೇಕು. ಇಬ್ಬರೂ ದುಡಿಯುವ ಮನೆಗಳು ಇದನ್ನು ಎಷ್ಟೋ ಸಲ ದಾಟಿರುತ್ತವೆ. ಮಕ್ಕಳ ಪಿನ್ ವರ್ಷ ವರ್ಷವೂ ಅಂಚೆಯಲ್ಲೇ ಬರಬೇಕು, ಬಾರದಿದ್ದರೆ ನಿಮ್ಮ ಇ-ಫೈಲ್ ನಿಲ್ಲುತ್ತದೆ. ಬೆಂಗಳೂರಿಗೆ ಹೊರಟು ನಿಂತವರಿಗೆ ಇದು ಹೊರೆ. ಇನ್ನೊಂದು ಸಮಾಧಾನವೂ ಇದೆ. ಹಿಂದೆ ಯಾರಾದರೂ ನಿಮ್ಮ ಮಗುವನ್ನು ತಮ್ಮ ಅವಲಂಬಿತರೆಂದು ಮೊದಲೇ ತೋರಿಸಿಬಿಟ್ಟರೆ ನಿಮ್ಮ ಇ-ಫೈಲ್ ತಿರಸ್ಕೃತವಾಗುತ್ತಿತ್ತು. 2025ರಲ್ಲಿ ಸಲ್ಲಿಸಿದ ರಿಟರ್ನ್‌ಗಳಿಂದೀಚೆಗೆ, ರಿಟರ್ನ್‌ನಲ್ಲಿ ಮೊದಲು ಹೆಸರಿರುವ ತೆರಿಗೆದಾರರ ಐಪಿ ಪಿನ್ ಇದ್ದರೆ ಅಂಥ ರಿಟರ್ನನ್ನೂ ಸ್ವೀಕರಿಸುತ್ತಾರೆ. ನಿಮ್ಮ ಪಿನ್ ಮಕ್ಕಳಿಗೂ ಸ್ವಲ್ಪ ನೆರಳು ಕೊಡುತ್ತದೆ ಎಂದಾಯಿತು. ಮಕ್ಕಳು 16ರೊಳಗಿನವರಾದರೆ ಅವರ ಹೆಸರಿನಲ್ಲಿ ಕ್ರೆಡಿಟ್ ಫ್ರೀಜ್ ಮಾಡಿಸಲು ತಂದೆ ತಾಯಿಗೆ ಕಾನೂನು ಅವಕಾಶ ಕೊಟ್ಟಿದೆ. ಹೊರಡುವ ಮೊದಲು ಅದೊಂದನ್ನು ಮುಗಿಸಿ. ಅವರು ದೊಡ್ಡವರಾಗಿ ಓದಲು ಮತ್ತೆ ಇಲ್ಲಿಗೆ ಬಂದಾಗ ಅವರ ಸಂಖ್ಯೆ ಚೊಕ್ಕಟವಾಗಿರಬೇಕು.

ಊರಿಗೆ ಹೋದ ಮೇಲೆ ಪಿನ್ನಿನ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಹೊರಟ ವರ್ಷದ ರಿಟರ್ನ್ ಅಲ್ಲಿಂದಲೇ ಸಲ್ಲಿಸುತ್ತೀರಿ. ಮುಂದೆ 401(ಕೆ) ಎಂಬ ನಿವೃತ್ತಿ ಉಳಿತಾಯದ ಹಣ ತೆಗೆದಾಗ ಅನಿವಾಸಿಗಳ ರಿಟರ್ನ್ ಆದ ಫಾರ್ಮ್ 1040-ಎನ್‌ಆರ್ ಸಲ್ಲಿಸಬೇಕಾಗಬಹುದು, ಅದಕ್ಕೂ ಐಪಿ ಪಿನ್ ಬೇಕು. ಸಿಪಿ01ಎ ಪತ್ರ ಸಮುದ್ರ ದಾಟಿ ಬೆಂಗಳೂರಿನ ಮನೆ ಬಾಗಿಲಿಗೆ ಸಕಾಲಕ್ಕೆ ಬರುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ, ಆನ್‌ಲೈನ್ ಖಾತೆಯೇ ಗತಿ. ಅಲ್ಲಿಗೆ ಹೋದವರು ಸಿಕ್ಕಿಬೀಳುವುದು ಮೊಬೈಲ್ ಸಂಖ್ಯೆಯಲ್ಲಿ. ಅಮೆರಿಕದ ಸಂಖ್ಯೆ ನಿಲ್ಲಿಸಿದ ಮರುದಿನದಿಂದ ಸಂದೇಶದಲ್ಲಿ ಬರುವ ಸಂಕೇತ ಬರುವುದಿಲ್ಲ, ಸಂಕೇತವಿಲ್ಲದೆ ಖಾತೆ ತೆರೆಯುವುದಿಲ್ಲ. ಆದ್ದರಿಂದ ಇಬ್ಬರೂ, ಇಲ್ಲಿರುವಾಗಲೇ, ಐಡಿ.ಮೀ ಖಾತೆಯ ಭದ್ರತಾ ವಿಭಾಗಕ್ಕೆ ಹೋಗಿ, ಮೊಬೈಲ್ ಸಂದೇಶದ ಜೊತೆಗೆ ಸಂಕೇತ ಹುಟ್ಟಿಸುವ ಆ್ಯಪ್ ಒಂದನ್ನು ಜೋಡಿಸಿಕೊಳ್ಳಿ. ಖಾತೆಗೆ ಕಂಪನಿಯ ಇ-ಮೇಲ್ ಕೊಟ್ಟಿದ್ದರೆ ಸ್ವಂತದ್ದಕ್ಕೆ ಬದಲಾಯಿಸಿ. ಫಾರ್ಮ್ 8822ರಲ್ಲಿ ಬೆಂಗಳೂರಿನ ವಿಳಾಸ ತಿಳಿಸಿ. ಹೊರಡುವ ಮೊದಲೊಂದು ದಿನ ಮೊಬೈಲಿನ ಸಿಮ್ ತೆಗೆದಿಟ್ಟು, ವೈಫೈ ಮೂಲಕ ಖಾತೆಗೆ ಒಳಹೋಗಲು ಆಗುತ್ತದೆಯೇ ಎಂದು ಇಬ್ಬರೂ ಪರೀಕ್ಷಿಸಿ ನೋಡಿ.